ಉರಿಯದ ಕಲೆ

ನನ್ನ ಬಾಯಿ ಕೆಟ್ಟದ್ದು ಎಂದು ಸುರಪುರದ ಪೇಟೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ಹೆಂಗಸರು ನನ್ನ ಅಂಗಡಿಗೇ ಬರುತ್ತಾರೆ, ಯಾಕೆಂದರೆ ಮದೀನಾಬೀ ಬಳೆ ತೊಡಿಸಿದರೆ ಕೈ ನೋಯುವುದಿಲ್ಲ. ಅಂಗೈ ನಾದಿ, ಹೆಬ್ಬೆರಳಿನ ಬುಡ ಮಡಚಿ, ಮಾತಿಗೆಳೆಯುತ್ತಲೇ ಬಳೆ ಏರಿಸಿಬಿಡುತ್ತೇನೆ. ಮೂವತ್ತೈದು ವರ್ಷದಿಂದ ಇದೇ ಕೆಲಸ. ಮುಖ ಮರೆತವರನ್ನೂ ಕೈ ಹಿಡಿದರೆ ಗುರುತಿಸುತ್ತೇನೆ.

ಕಳೆದ ಮಾರ್ಚ್ ತಿಂಗಳಲ್ಲಿ ದೇವಾಪುರದ ಮರಿಲಿಂಗಮ್ಮ ತನ್ನ ಸೊಸೆಯ ಕುಬಸಕ್ಕೆ ಕರೆದಳು. ಏಳು ತಿಂಗಳ ಬಸುರಿಯ ಕೈಗೆ ಮೊದಲು ಹಸಿರು ಬಳೆ ಏರಬೇಕು, ಉಡಿ ತುಂಬುವುದು ಆಮೇಲೆ. ಸೊಸೆ ಪರಿಮಳಾ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ಸುತ್ತ ಮೂವತ್ತು ಹೆಂಗಸರಾದರೂ ಇದ್ದರು. ನಾನು ಅವಳ ಕೈ ಹಿಡಿದು ಅಂಗೈ ತಿರುಗಿಸಿದೆ. ತಾಮ್ರದ ಬಣ್ಣದ ಸಣ್ಣ ಸಣ್ಣ ಕಲೆಗಳು ಎದ್ದಿದ್ದವು. ಇನ್ನೊಂದು ಕೈಯಲ್ಲೂ ಇದ್ದವು.

ನಾನು ಕೇಳುವ ಮೊದಲೇ ಮರಿಲಿಂಗಮ್ಮ ಕಾರಣ ಹೇಳಿದಳು. ಹದಿನೈದು ದಿನ ಅಂಗಳದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸಿದ್ದಾಳೆ, ಅದರ ಕಾವು ಹತ್ತಿದೆ, ದಿನಾ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇವೆ ಎಂದಳು. ಉಳಿದವರೂ ಹೌದೌದು ಎಂದರು. ನಮ್ಮ ಕಡೆ ಆ ದಿನಗಳಲ್ಲಿ ಹೆಂಗಸರ ಮೈಮೇಲೆ ಏನೇ ಎದ್ದರೂ ಮೆಣಸಿನಕಾಯಿಯ ತಲೆಗೇ ಕಟ್ಟುತ್ತಾರೆ. ನಾನು ಬಾಗಿ ಪರಿಮಳಾಳನ್ನು ಮೆಲ್ಲಗೆ ಕೇಳಿದೆ.

"ಉರೀತದೇನವ್ವಾ?"

"ಇಲ್ಲಮ್ಮ. ಉರಿಯಂಗಿಲ್ಲ, ಕಡಿತಾನೂ ಇಲ್ಲ. ಅಂಗಾಲಾಗೂ ಅದಾವ."

ಮೆಣಸಿನಕಾಯಿ ಮುಟ್ಟಿದ ಕೈ ಉರಿಯದೆ ಇರುತ್ತದೆಯೇ? ಅಂಗಾಲಿನಿಂದ ಯಾರಾದರೂ ತೊಟ್ಟು ಬಿಡಿಸುತ್ತಾರೆಯೇ? ಮೂವತ್ತು ವರ್ಷದ ಹಿಂದೆ ಬಸುರಿಯಾಗಿದ್ದಾಗ ನನ್ನ ಅಂಗೈಯಲ್ಲೂ ಇಂಥವೇ ಕಲೆ ಎದ್ದಿದ್ದವು. ಬಳೆಯ ಬಣ್ಣ ಹತ್ತಿದೆ ಎಂದುಕೊಂಡೆ. ಕೆಲವು ವಾರದಲ್ಲಿ ತಾವೇ ಹೋದವು, ಮರೆತೆ. ಆ ಸಲದ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತು. ಅದರ ಮುಂದಿನದೂ ಹಾಗೇ ಆಯಿತು. ಆಮೇಲೆ ಯಾದಗಿರಿಯ ಡಾಕ್ಟರಮ್ಮ ಒಬ್ಬರು ರಕ್ತ ನೋಡಿಸಿ, ಇದು ಸಿಫಿಲಿಸ್, ಗಂಡನಿಂದ ಬಂದದ್ದು, ಮೊದಲೇ ಬಂದಿದ್ದರೆ ಸೂಜಿ ಮಾಡಿ ಕೂಸು ಉಳಿಸಬಹುದಿತ್ತು ಎಂದರು. ಆ ಮಾತು ಇವತ್ತಿಗೂ ನನ್ನನ್ನು ಸುಡುತ್ತದೆ.

ಮೂವತ್ತು ಹೆಂಗಸರ ಎದುರು ಇದನ್ನು ಹೇಗೆ ಹೇಳಲಿ? ಹೇಳಿದರೆ ಹೊತ್ತು ಮುಳುಗುವುದರೊಳಗೆ ಊರ ಬಾಯಲ್ಲೆಲ್ಲ ಆ ಹುಡುಗಿಯ ನಡತೆಯ ಮಾತೇ. ಹೇಳದಿದ್ದರೆ ಕೂಸಿನ ಗತಿ ಏನು? ನಾನು ಬಳೆಯ ಬುಟ್ಟಿ ಮುಚ್ಚಿದೆ. ಈಕೆಯ ಅಳತೆಯ ಬಳೆ ತಂದಿಲ್ಲ, ನಾಳೆ ಅಂಗಡಿಗೆ ಕರೆದುಕೊಂಡು ಬಾ ಎಂದು ಮರಿಲಿಂಗಮ್ಮನಿಗೆ ಸುಳ್ಳು ಹೇಳಿದೆ.

"ಬಸುರಿ ಕೈ ಬರಿದು ಬಿಟ್ಟು ಹೊಂಟೀಯೇನ?" ಎಂದಳು ಆಕೆ. "ಇನ್ನ ನಮ್ಮ ಹೊಸ್ತಿಲಾ ತುಳಿಬ್ಯಾಡ."

ಯಾರಿಗೂ ಉತ್ತರ ಬಾಕಿ ಉಳಿಸದವಳು ನಾನು. ಆವತ್ತು ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದೆ. ಮರುದಿನ ಅವರು ಬರುತ್ತಾರೋ ಇಲ್ಲವೋ ಎಂದು ಬೆಳಗಿನಿಂದ ದಾರಿ ಕಾದು ಸಾಕಾಯಿತು. ಮಧ್ಯಾಹ್ನ ಬಂದರು. ಮರಿಲಿಂಗಮ್ಮ ಮುಖ ಊದಿಸಿಕೊಂಡು ಕಟ್ಟೆಯ ಮೇಲೆ ಕೂತಳು. ನನ್ನ ಗಂಡ ಮಸ್ತಾನಸಾಬರು ಅವಳಿಗೆ ಚಹಾ ತರಿಸಿದರು. ನಾನು ಪರಿಮಳಾಳನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ನನ್ನ ಕಥೆಯನ್ನೆಲ್ಲ ಹೇಳಿದೆ.

ಮೂರನೇ ತಿಂಗಳಲ್ಲಿ ರಕ್ತ ನೋಡಿದ್ದರು, ಏನೂ ಇರಲಿಲ್ಲ ಎಂದಳು. ಗಂಡ ಊರಿಗೆ ಬಂದದ್ದು ಯಾವಾಗ ಎಂದು ಕೇಳಿದೆ. ಭೀಮರಾಯ ಭತ್ತ ಕೊಯ್ಯುವ ಮಷಿನ್ ಓಡಿಸುವವನು. ಸುಗ್ಗಿಗೆ ಸಿಂಧನೂರಿನ ಕಡೆ ಹೋಗಿ ಡಿಸೆಂಬರಿನಲ್ಲಿ ಬಂದಿದ್ದ. ರಕ್ತ ನೋಡಿದ್ದು ಅದಕ್ಕಿಂತ ಮೊದಲು. ಆಮೇಲೆ ಕೆಳಗೆ ಹುಣ್ಣೇನಾದರೂ ಆಗಿತ್ತೇ ಎಂದೆ. ಅವಳು ತಲೆ ತಗ್ಗಿಸಿದಳು. ಒಂದು ಆಗಿತ್ತಂತೆ. ನೋವಿರಲಿಲ್ಲ, ತಾನೇ ಮಾಯಿತು, ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ ಎಂದಳು. ಆಮೇಲೆ ನನ್ನ ಎರಡೂ ಕೈ ಗಟ್ಟಿಯಾಗಿ ಹಿಡಿದಳು.

"ನನ್ನ ಕೂಸು ಉಳಿತದೇನಮ್ಮಾ?"

"ಇವತ್ತೇ ದವಾಖಾನಿಗೆ ನಡಿ, ನಾನೂ ಬರ್ತೀನಿ. ನನ್ನ ಮಗಳು ಹುಮೇರಾ ಆ ಸೂಜಿ ಆದಮ್ಯಾಲೆ ಹುಟ್ಟಿದಾಕಿ. ನೋಡು, ಹ್ಯಾಂಗ ಗಂಡನ್ನ ಕುಣಸ್ತಾಳ."

ಅಳುತ್ತಲೇ ನಕ್ಕಳು. ಮೂವರೂ ದವಾಖಾನೆಗೆ ಹೋದೆವು. ಅಲ್ಲಿ ರಕ್ತ ನೋಡಿ ಅದೇ ಎಂದರು, ಇನ್ನೂ ಕಾಲ ಮೀರಿಲ್ಲ ಎಂದರು, ಸೂಜಿ ಮಾಡಿದರು. ಡಾಕ್ಟರು ಹೇಳಿದ್ದನ್ನೆಲ್ಲ ಮರಿಲಿಂಗಮ್ಮ ಕೇಳಿಸಿಕೊಂಡಳು. ಸೊಸೆ ಒಳಗಿದ್ದಷ್ಟು ಹೊತ್ತೂ ಅವಳ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಪರಿಮಳಾ ಹೊರಗೆ ಬಂದಮೇಲೆ ನಾನು ಚೀಲದಿಂದ ಹಸಿರು ಬಳೆ ತೆಗೆದು ಅಲ್ಲೇ ಬೆಂಚಿನ ಮೇಲೆ ಕೂರಿಸಿ ತೊಡಿಸಿದೆ. ಒಂದೂ ಹೆಚ್ಚುಕಮ್ಮಿಯಾಗದೆ ಏರಿದವು.

"ಅಳತಿ ನಿನ್ನೆನೂ ಇತ್ತು, ಹೌದಿಲ್ಲೋ?" ಎಂದಳು ಮರಿಲಿಂಗಮ್ಮ.

ಇತ್ತು ಎಂದೆ. ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಇನ್ನು ಉಳಿದವನು ಭೀಮರಾಯ. ಅವನಿಗೂ ಸೂಜಿಯಾಗದಿದ್ದರೆ ರೋಗ ಮತ್ತೆ ಇವಳಿಗೇ ಬರುತ್ತದೆ ಎಂದಿದ್ದರು ಡಾಕ್ಟರು. ಅವನು ಮೂರು ದಿನ ತಪ್ಪಿಸಿಕೊಂಡ. ನಾಲ್ಕನೆಯ ದಿನ ತಾಯಿಯೇ ಎಳೆದುಕೊಂಡು ನಮ್ಮ ಅಂಗಡಿಗೆ ತಂದಳು. ನನಗೇನಾಗಿದೆ, ಒಂದು ಹುಣ್ಣಾಗಿತ್ತು, ಎಂದೋ ಮಾಯ್ದು ಹೋಗಿದೆ, ಕಲ್ಲಿನಂತೆ ಗಟ್ಟಿಯಾಗಿದ್ದೇನೆ ಎಂದು ವಾದಿಸಿದ. ಅವನ ಚರ್ಮ ಸುಲಿಯುವಂಥ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಮಸ್ತಾನಸಾಬರು ಚಹಾದ ಬಸಿ ಕೆಳಗಿಟ್ಟರು.

"ನಂದೂ ಹುಣ್ಣು ನೋಯಲಿಲ್ಲ, ತಮ್ಮಾ. ತಾನೇ ಮಾಯ್ತು, ನಾ ಸುಮ್ಮನಾದೆ. ಅದು ಹೋಗಿದ್ದಿಲ್ಲ. ಎರಡು ಕೂಸು ಇದೇ ಕೈಯಾಗ ಒಯ್ದು ಮಣ್ಣು ಮಾಡೀನಿ. ತಪ್ಪು ನಂದಿತ್ತು."

ಮೂವತ್ತು ವರ್ಷದಲ್ಲಿ ಈ ಮಾತನ್ನು ಅವರು ನನಗೆ ಒಮ್ಮೆಯೂ ಹೇಳಿರಲಿಲ್ಲ. ಉಪ್ಪು ಹೆಚ್ಚಾದರೆ, ಬಾಗಿಲು ಹಾಕದಿದ್ದರೆ, ಬೀಡಿ ಸೇದಿದರೆ ಎಂದು ದಿನಾ ಅವರನ್ನು ಬೈದಿದ್ದೇನೆ. ನನಗೆ ಬೇಕಾಗಿದ್ದದ್ದು ಇದೊಂದು ಮಾತು. ಬಳೆಯ ಕಪಾಟಿನ ಹಿಂದೆ ಹೋಗಿ ಅತ್ತೆ. "ನನ್ನ ಜೊತಿ ಬರ್ತೀರೇನ್ರಿ, ಕಾಕಾ?" ಎಂದ ಭೀಮರಾಯ. ಇಬ್ಬರೂ ಎದ್ದು ದವಾಖಾನೆಗೆ ಹೋದರು. ಪರಿಮಳಾ ತಿಂಗಳುಗಟ್ಟಲೆ ಗಂಡನ ಜೊತೆ ಮಾತಾಡಲಿಲ್ಲವಂತೆ. ನಾನಾಗಿದ್ದರೆ ಒಂದು ವರ್ಷ ಬಿಡುತ್ತಿರಲಿಲ್ಲ.

ಜೂನಿನಲ್ಲಿ ಹೆಣ್ಣು ಕೂಸು ಹುಟ್ಟಿತು. ಅದರ ರಕ್ತವನ್ನೂ ನೋಡಿ, ಏನೂ ತೊಂದರೆಯಿಲ್ಲ ಎಂದರು. ಕೂಸಿಗೆ ಕರಿಮಣಿಯ ಬಳೆ ಹಾಕಲು ಮರಿಲಿಂಗಮ್ಮ ತಾನೇ ಬಂದು ಕರೆದಳು. ಎಂದೂ ಯಾರ ಮನೆಗೂ ನನ್ನ ಜೊತೆ ಬಾರದ ಮಸ್ತಾನಸಾಬರು ಅವತ್ತು ಬುಟ್ಟಿ ಹೊತ್ತುಕೊಂಡು ಬಂದರು. ಬಂದವರು ಹೊಸ್ತಿಲಲ್ಲೇ ನಿಂತರು.

ಕೂಸು ಮುಷ್ಟಿ ಬಿಗಿದು ಮಲಗಿತ್ತು. ದೊಡ್ಡವರ ಕೈ ನಾದುವಂತೆಯೇ ಮೆಲ್ಲಗೆ ನಾದಿ, ಒಂದೊಂದೇ ಬೆರಳು ಬಿಡಿಸಿದೆ. ಅಂಗೈ ಸ್ವಚ್ಛವಾಗಿತ್ತು.

"ಹ್ಯಾಂಗದ?" ಎಂದು ಹೊಸ್ತಿಲಿಂದ ಕೇಳಿದರು.

"ಒಳಗ ಬಂದು ನೋಡ್ರಿ."

ಅವರು ಬಂದು ನನ್ನ ಪಕ್ಕದಲ್ಲಿ ಕೂತು ಆ ಅಂಗೈಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಇನ್ನೊಂದು ಕೈಯನ್ನೂ ಬಿಡಿಸಿ ತೋರಿಸು ಎಂದರು.