ತಂತಿಯಲ್ಲಿಲ್ಲದ ಚೀಟಿ

ಮಸ್ಕಿಯ ನಮ್ಮ ದವಾಖಾನೆಗೆ ಬಂದವರ ಚೀಟಿಗಳನ್ನು ನಾನು ಊರಿಗೊಂದು ತಂತಿ ಮಾಡಿ ಚುಚ್ಚಿಡುತ್ತಿದ್ದೆ. ಹದಿನಾಲ್ಕು ವರ್ಷದಲ್ಲಿ ಒಂದನ್ನೂ ಎಸೆದವಳಲ್ಲ. "ನಜಮಾ ಸಿಸ್ಟರ್, ಇಲಿ ಸಾಕ್ತೀರೇನು?" ಎಂದು ಡಾಕ್ಟರು ನಗುತ್ತಿದ್ದರು. ನಗಲಿ. ಆ ತಂತಿಗಳ ಬಗ್ಗೆ ನನಗೆ ಜಂಬವಿತ್ತು, ಈಗಲೂ ಇದೆ.

೧೯೯೭ರ ಬೇಸಿಗೆಯಲ್ಲಿ ಸಂತೆಕಲ್ಲೂರಿನ ಗದ್ದೆಪ್ಪ ಎಲುಬಿನ ಹಂದರವಾಗಿ ಬಂದ. ನಾಲಿಗೆಯ ತುಂಬ ಬಿಳುಪು, ತಿಂಗಳಾದರೂ ನಿಲ್ಲದ ಭೇದಿ. ಅವನ ರಕ್ತ, ಹೆಂಡತಿ ಗ್ಯಾನಮ್ಮನ ರಕ್ತ ಎರಡೂ ರಾಯಚೂರಿಗೆ ಹೋದವು. ಇಬ್ಬರಿಗೂ ಏಡ್ಸ್ ಸೋಂಕು.

ಮುಂದಿನ ವಾರ ಗದ್ದೆಪ್ಪನ ತಾಯಿ ತಿಮ್ಮವ್ವ ಮಗ ಸೊಸೆಯ ಜೊತೆ ಸೊಸೆಯ ಬಟ್ಟೆಗಂಟನ್ನೂ ತಂದಳು.

"ಇಕೀನ ತುರ್ವಿಹಾಳದಿಂದ ತಂದಾಳ್ರೀ ಈ ರೋಗ. ಇಲ್ಲಿಂದನ ಬಸ್ ಹತ್ತಿಸಿ ತವರಿಗೆ ಕಳಸ್ತೀನಿ. ಲಗ್ನಕ್ಕಿಂತ ಮೊದ್ಲ ನನ್ನ ಮಗ ಗುಂಡಕಲ್ಲಿನಂಗ ಇದ್ದ."

ಗ್ಯಾನಮ್ಮನಿಗೆ ತವರೆಂದರೆ ಅಣ್ಣ ಅತ್ತಿಗೆ. ಈ ರೋಗ ಹೊತ್ತು ಬಂದವಳನ್ನು ಅವರು ಅಂಗಳಕ್ಕೂ ಬಿಟ್ಟುಕೊಳ್ಳುವವರಲ್ಲ. "ನಾ ಏನ್ ಮಾಡೀನಿ ಅತ್ತಿ?" ಎಂದು ಅವಳು ಒಂದೇ ಸಲ ಕೇಳಿದಳು. ಗಂಡನೆನಿಸಿಕೊಂಡವನು ನೆಲ ನೋಡುತ್ತ ಕುಳಿತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ಸಂತೆಕಲ್ಲೂರಿನ ತಂತಿ ಇಳಿಸಿ ಅವನ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ೧೯೮೮: ಜ್ವರ, ಕುತ್ತಿಗೆಯಲ್ಲಿ ಗಂಟು, ಮೈಮೇಲೆ ಕೆಂಪು ದದ್ದು. ಆಗ ಅವನು ಮುಂಬಯಿಗೆ ಅಕ್ಕಿ ಒಯ್ಯುವ ಸಿಂಧನೂರಿನ ಲಾರಿಯಲ್ಲಿ ಕ್ಲೀನರ್. ಆಮೇಲಿನ ಚೀಟಿ ೧೯೯೫ರದು, ಭೇದಿ. ಮುಂದಿನ ವರ್ಷ ಕೆಮ್ಮು, ಟಿಬಿ.

"ಈ ರೋಗ ಹೊಕ್ಕಾಗ ಹಿಂಗ ಜ್ವರ, ದದ್ದು ಬಂದು ಹೋಗ್ತಾವ. ಆಮ್ಯಾಲೆ ಇದು ವರ್ಷಾನುಗಟ್ಟಲೆ ಸುಮ್ಮನಿರ್ತೈತಿ" ಎಂದರು ಡಾಕ್ಟರು.

"ಜ್ವರ ಯಾರಿಗೆ ಬರೂದಿಲ್ರೀ?" ಎಂದಳು ತಿಮ್ಮವ್ವ.

ಮಾತು ಸರಿಯಾಗಿತ್ತು. ಮದುವೆಯಾದದ್ದು ೧೯೯೨ರಲ್ಲಿ. ೧೯೮೮ರಿಂದ ೧೯೯೫ರ ತನಕ ಏಳು ವರ್ಷ, ಮದುವೆಗೆ ಮುಂಚೆಯೇ ರೋಗವಿತ್ತೆಂದು ತೋರಿಸುವ ಒಂದೂ ಚೀಟಿಯಿಲ್ಲ. ನನ್ನ ಜಂಬದ ತಂತಿ ಬೇಕಾದಾಗಲೇ ಕೈಕೊಟ್ಟಿತ್ತು.

"ಆ ವರ್ಷಗಳ ನಡುವ ಇವಗ ಮೈಯ ಒಂದ ಪಕ್ಕಿಗೆ ಗುಳ್ಳಿ ಎದ್ದು ಉರಿ ಬಂದಿತ್ತೇನವ್ವ?" ಎಂದು ಕೇಳಿದೆ.

"ಸರ್ಪಸುತ್ತೇನು? ಆಗಿತ್ತು. ಅದಕ್ಯಾಕ ದವಾಖಾನಿ? ನಮ್ಮೂರಾಗ ಮಂತ್ರ ಹಾಕೂ ಮಾಳಿಂಗಪ್ಪನ ಕಡಿಂದ ಕೆಮ್ಮಣ್ಣು ಹಚ್ಚಿಸಿದ್ವಿ."

ಹೌದಲ್ಲ! ನಮ್ಮ ಕಡೆ ಸರ್ಪಸುತ್ತಿಗೆ ಡಾಕ್ಟರ ಹತ್ತಿರ ಬರುವವರು ಯಾರು? ಅದಕ್ಕೆ ಚೀಟಿ ಹುಟ್ಟಿರಲೇ ಇಲ್ಲ.

"ಯಾವಾಗ?" ಎಂದೆ.

"ಲಗ್ನ ಗೊತ್ತಾಗಿತ್ತು. ಹುಣ್ಣಿನ ಮೈಗೆ ಅರಿಶಿಣ ಹಚ್ಚಬಾರ್ದಂತ ನಾನ ಲಗ್ನ ಮುಂದಕ ಹಾಕಿದ್ದೆ..."

ಡಾಕ್ಟರು ಮೆಲ್ಲಗೆ ಹೇಳಿದರು: "ವಯಸ್ಸಿನ ಹುಡುಗರಿಗೆ ಅದು ಬರೂದು ಕಡಿಮಿ. ಈ ರೋಗ ಒಳಗಿದ್ರ ಬರ್ತೈತಿ."

ಮದುವೆಯಾದ ಮೇಲೆ ಬಂದಿತ್ತು, ವರ್ಷ ತಪ್ಪಿ ಹೇಳಿದೆ ಎಂದಿದ್ದರೆ ತಿಮ್ಮವ್ವನನ್ನು ತಡೆಯುವವರಿರಲಿಲ್ಲ. ಹಾಗೆನ್ನದೆ ಮಗನ ಕಡೆ ತಿರುಗಿದಳು.

"ಲಾರ್ಯಾಗ ಹೋಗಿದ್ದಾಗೇನಲೇ?"

"ಹೌದವ್ವ" ಎಂದ ಗದ್ದೆಪ್ಪ, ತಲೆ ಎತ್ತದೆ. "ಇಕೀದೇನೂ ತಪ್ಪಿಲ್ಲ."

ತಿಮ್ಮವ್ವ ಎದ್ದು ಸೊಸೆಯ ಕೈಯಲ್ಲಿದ್ದ ಗಂಟು ಕಿತ್ತುಕೊಂಡು ತನ್ನ ಕಂಕುಳಿಗೆ ಇಟ್ಟುಕೊಂಡಳು. "ನಡಿ, ಮನಿಗೆ ಹೋಗೂನು" ಎಂದಳು. ಹೆತ್ತ ಮಗನನ್ನೂ ಬಿಡದೆ ನಿಜ ಒಪ್ಪಿದ ಆ ಹೆಂಗಸನ್ನು ನೋಡಿ, ನಾನೂ ಇದೇ ಸೀಮೆಯಲ್ಲಿ ಹುಟ್ಟಿದ್ದಕ್ಕೆ ಹೆಮ್ಮೆಯಾಯಿತು.

ಬಾಗಿಲ ತನಕ ಹೋದವಳು ಮತ್ತೆ ಬಂದಳು. "ನರ್ಸಮ್ಮ, ಆ ಸರ್ಪಸುತ್ತಿಂದು ಚೀಟಿ ಇಲ್ಲಲ್ಲ, ಈಗ ಬರಿ. ನಾಳೆ ಮಂದಿ ಮತ್ತ ಇಕೀ ಮ್ಯಾಲೆ ಹಾಕ್ತಾರ."

ಬರೆದೆ. ಸರ್ಪಸುತ್ತು, ಮದುವೆಗೆ ಮುಂಚೆ. ಹೇಳಿದವರು, ತಾಯಿ ತಿಮ್ಮವ್ವ. ಅವಳು ಹೆಬ್ಬೆಟ್ಟು ಒತ್ತಿದಳು. ಅದನ್ನು ೧೯೮೮ರ ಚೀಟಿಯ ಮೇಲೆ ಚುಚ್ಚಿ, ತಂತಿಯನ್ನು ಮತ್ತೆ ಮೊಳೆಗೆ ನೇತುಹಾಕಿದೆ.