ಸೆನ್ಸರಿಗೆ ಸುತ್ತಿದ ಟವೆಲು

ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತ ಲಿಂಗಕ್ಕನಿಗೆ ಎರಡನೆಯ ಗಂಟು ಬಿಚ್ಚಲು ಬರುತ್ತಿರಲಿಲ್ಲ. ಕಂಬದ ಮೇಲೆ ಗಾಳಿಯ ತೇವ ಅಳೆಯುವ ಸೆನ್ಸರಿಗೆ ಬಿಗಿದಿದ್ದ ಒದ್ದೆ ಟವೆಲು ಅವಳ ಗಂಡ ಉರುಕುಂದಪ್ಪನದು. ಬೆವರು, ಮೂಗು, ತಂಬಾಕು ಉಗುಳಿದ ಬಾಯಿ, ಎಲ್ಲವನ್ನೂ ಅವನು ಅದರಲ್ಲೇ ಒರೆಸಿಕೊಳ್ಳುತ್ತಿದ್ದ. ಉಗುರಿಗೆ ಲೋಳೆ ಹತ್ತಿತು. ಅವಳು ಮುಖ ತಿರುಗಿಸಿ, ಉಸಿರು ಬಿಗಿಹಿಡಿದು ಎಳೆದಳು.

ಆದೋನಿಯ ಹೊರಗಿನ ಆ ನೂಲಿನ ಮಿಲ್ಲಿನಲ್ಲಿ ಹಬೆ ಬಿಡುವ ಮಷೀನು ನಾಲ್ಕು, ನಾಲ್ಕನ್ನೂ ಆಡಿಸುವ ಕಂಟ್ರೋಲರು ಒಂದೇ. ಗಾಳಿ ಒಣಗಿದೆಯೆಂದು ಸೆನ್ಸರು ಹೇಳಿದರೆ ನಾಲ್ಕೂ ಬುಸುಗುಟ್ಟಬೇಕು. ತೇವ ಸಾಕೆಂದರೆ ನಾಲ್ಕೂ ಬಾಯಿ ಮುಚ್ಚಬೇಕು. ಬೋರಿನ ಗಡಸು ನೀರು ಕುದ್ದು ಕುದ್ದು ಮಷೀನಿನೊಳಗೆ ಸುಣ್ಣದಂತೆ ಗಟ್ಟಿಯಾದಾಗ ಬಿಚ್ಚಿ ಕೆರೆಯುವುದು ಉರುಕುಂದಪ್ಪನ ಕೆಲಸ. ಅದು ಅವನ ಮೈಗೆ ಒಗ್ಗದು. ಅದಕ್ಕೇ ಹತ್ತಿಯ ಬೇಲುಗಳ ಮರೆಯಲ್ಲಿದ್ದ ಸೆನ್ಸರಿಗೆ ಒದ್ದೆ ಟವೆಲು ಸುತ್ತಿಬಿಡುತ್ತಿದ್ದ. ಮಿಲ್ಲಿನೊಳಗೆಲ್ಲ ತೇವವಾಗಿದೆಯೆಂದು ಕಂಟ್ರೋಲರು ನಾಲ್ಕನ್ನೂ ಮಲಗಿಸುತ್ತಿತ್ತು; ನೀರು ಕುದಿಯದಿದ್ದರೆ ಕೆರೆಯುವ ಕೆಲಸವೂ ಇಲ್ಲ. ಇತ್ತ ಒಣಗಾಳಿಗೆ ನೂಲು ಪಟಪಟನೆ ಹರಿಯುತ್ತಿತ್ತು, ಹತ್ತಿಯ ಧೂಳು ಹೆಂಗಸರ ಗಂಟಲಿಗೆ ಇಳಿಯುತ್ತಿತ್ತು. ಮಿಲ್ಲಿನ ಮಾಲೀಕ ಸೇಠು ಬಂದರೆ ಉರುಕುಂದಪ್ಪ ಗೇಟಿನಲ್ಲಿ ಕೈಮುಗಿದು ನಿಲ್ಲುತ್ತಿದ್ದ; ಟವೆಲು ಬಿಚ್ಚುವುದು ಕಸ ಗುಡಿಸುವ ಹೆಂಡತಿಯ ಪಾಲು.

ಗಂಟು ಬಿಚ್ಚಿತು. ಟವೆಲು ಕಸದ ಬುಟ್ಟಿ ಸೇರಿತು. ಸೇಠು ಒಳಗೆ ಕಾಲಿಡುವ ಹೊತ್ತಿಗೆ ನಾಲ್ಕೂ ಮಷೀನು ಬೆಳ್ಳಗೆ ಹಬೆ ಕಾರುತ್ತಿದ್ದವು.

"ಮಷೀನು ಬರೋಬರಿ ಅದಾವಲ್ಲ! ಮತ್ತ ಇದೇನಮ್ಮಾ?" ನೂಲುವ ಹುಡುಗಿ ನಾಗಜ್ಯೋತಿಯ ಯಂತ್ರದ ಕೆಳಗೆ ಬಿದ್ದಿದ್ದ ಹರಿದ ನೂಲಿನ ರಾಶಿಯನ್ನು ಸೇಠು ಬೂಟಿನಿಂದ ಒದ್ದ.

"ಈ ಕೋಸಗಿ ಊರಿನ ಹುಡಿಗಿ ಫೋನಿನಾಗೇ ಇರತಾಳ ಸರ್," ಎಂದ ಉರುಕುಂದಪ್ಪ.

"ಸುಳ್ಳು ಹೇಳಬ್ಯಾಡಣ್ಣಾ! ನನ್ನ ಫೋನು ಗೇಟಿನಾಗೈತಿ. ಮುಂಜಾನಿಂದ ಗಾಳಿ ಒಣಗಿತ್ತು ಸರ್, ದಾರ ಕೈಯಾಗ ನಿಲ್ಲವಲ್ದು," ಎಂದಳು ನಾಗಜ್ಯೋತಿ.

"ಹಬಿ ಮಾರಿಗೆ ಹೊಡಿಯಾಕ ಹತ್ತೈತಿ, ಈಕಿಗೆ ಗಾಳಿ ಒಣಗೈತಂತ! ಕೊಡಪಾನ ತಂದು ತಲಿಮ್ಯಾಲ ಸುರೀಲೇನವಾ?" ಎಂದು ಉರುಕುಂದಪ್ಪ ಅಣಕಿಸಿದ.

ಸೇಠು ನಕ್ಕುಬಿಟ್ಟ. ನಾಗಜ್ಯೋತಿ ಲಿಂಗಕ್ಕನ ಕಡೆ ತಿರುಗಿದಳು. "ಅಕ್ಕಾ, ನೀನರ ಹೇಳ. ಇಲ್ಲೇ ಇದ್ದೆಲ್ಲ?"

ಲಿಂಗಕ್ಕ ಪೊರಕೆಯ ಕಡೆ ಬಗ್ಗಿದಳು.

"ನಾಳೆ ಮಷೀನು ಕಂಪನಿಯವ ಬರತಾನ," ಎಂದ ಸೇಠು ನಾಗಜ್ಯೋತಿಗೆ. "ಮಷೀನು ಚಲೋ ಅದಾವು ಅಂದ್ರ ನೀ ಮನಿ ಹಾದಿ ಹಿಡಿ."

ಹುಡುಗಿಯ ಮುಖ ಬಿಳಿಚಿತು. ವರ್ಷವರ್ಷವೂ ಅವ್ವನ ಜತೆ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಹೋಗಿ ಪ್ಲಾಸ್ಟಿಕ್ ಗುಡಿಸಲಲ್ಲಿ ಮಲಗುತ್ತಿದ್ದವಳು ಅವಳು. ಈ ಕೆಲಸ ಸಿಕ್ಕಿದ್ದರಿಂದ ಈ ವರ್ಷ ಮೊದಲ ಸಲ ಅವ್ವ, ಮಗಳು ಸ್ವಂತ ಮನೆಯಲ್ಲಿ ಉಳಿದಿದ್ದರು.

ಕೆಲಸ ಬಿಟ್ಟ ಮೇಲೆ ಲಿಂಗಕ್ಕ ನಲ್ಲಿಯಡಿ ಕೈ ಉಜ್ಜಿದಳು. ಸೋಪು ಸವೆಯಿತು, ವಾಸನೆ ಹೋಗಲಿಲ್ಲ. ಹಿಂದಿನಿಂದ ಬಂದ ಗಂಡ ಬುಟ್ಟಿಯಿಂದ ಟವೆಲು ಎತ್ತಿ ಕೊಡವಿ, ಅದರಲ್ಲೇ ಬಾಯಿ ಒರೆಸಿ ಹೆಗಲಿಗೆ ಹಾಕಿಕೊಂಡ. ಇದೇ ಹೆಗಲಿನ ಪಕ್ಕ ಇಷ್ಟು ವರ್ಷ ಮಲಗಿ ಎದ್ದಿದ್ದೇನಲ್ಲ ಎಂದು ಅವಳಿಗೆ ಹೇಸಿಗೆಯಾಯಿತು.

"ಆಕಿ ಮಾರಿ ನೋಡಿದೇನು? ಮೆಣಸಿನಕಾಯಿ ಬಿಡಸಾಕ ಲಾಯಕ್ಕು!" ಅವನು ಕಿಸಕ್ಕೆಂದ. "ನಾಳೆ ಆ ಕಂಪನಿಯವ ಮಧ್ಯಾಹ್ನದ ಮ್ಯಾಲ ಬರತಾನ. ಅಲ್ಲೀತನ ಟವೆಲು ಕಟ್ಟೇ ಇರಲಿ. ನಾ ಗೇಟಿನಿಂದ ಫೋನು ಮಾಡತೀನಿ, ಚಕ್ಕನ ಬಿಚ್ಚಿಬಿಡು. ಕೇಳಿತೇನ?"

"ಹೂಂ," ಎಂದಳು ಲಿಂಗಕ್ಕ.

ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವನ ಹಿಂದೆ ಹೊರಟಳು. ನಾಳೆ ಫೋನು ಎಷ್ಟು ಹೊಡೆದುಕೊಂಡರೂ ಹೊಡೆದುಕೊಳ್ಳಲಿ, ತಾನು ಸ್ಟೂಲು ಹತ್ತುವುದಿಲ್ಲ. ಬಂದವನು ಕಂಬದ ಹತ್ತಿರ ಹೋಗಿ ಕಟ್ಟಿದ ಟವೆಲನ್ನು ಕಣ್ಣಾರೆ ನೋಡಿಕೊಳ್ಳಲಿ. ಮುಂದೆ ನಡೆಯುತ್ತಿದ್ದ ಗಂಡ ಸಂಜೆಗೆ ಏನು ಸಾರು ಎಂದು ಕೇಳಿದ. ಬೇಳೆ ಸಾರು ಎಂದಳು.