ನಂಜುಂಡಯ್ಯನವರ ಕಾರಿನ ಕನ್ನಡಿ

ಮರಳು ಬೆಂಕಿಯಲ್ಲಿ ಕರಗಿ ಗಾಜಾಯಿತು. ಗಾಜಿನ ಬೆನ್ನಿಗೆ ಬೆಳ್ಳಿಯ ಲೇಪ ಹತ್ತಿತು. ಸುತ್ತ ಒಂದು ಕಪ್ಪು ಚೌಕಟ್ಟು ಕೂಡಿಸಿದರು. ಗೇಣುದ್ದದ ಕನ್ನಡಿಯಾಗಿ ನಾನು ಕಣ್ಣು ಬಿಟ್ಟದ್ದು ಹಾಗೆ. ಕಾರಿನ ಮುಂಗಾಜಿನ ಒಳಮೈಗೆ ಹೆಬ್ಬೆಟ್ಟಿನಗಲದ ಲೋಹದ ಬಿಲ್ಲೆಯೊಂದನ್ನು ಅಂಟಿಸಿ, ಅದರ ಮೇಲೆ ನನ್ನನ್ನು ಜಾರಿಸಿ, ಸಣ್ಣದೊಂದು ಸ್ಕ್ರೂ ಬಿಗಿದರು. ಕಾರಿನಲ್ಲಿ ಎಲ್ಲರ ಮುಖವೂ ಮುಂದಕ್ಕೆ, ನನ್ನದೊಂದೇ ಹಿಂದಕ್ಕೆ. ಆ ದಿನದಿಂದಲೇ ನನಗೆ ಕೊಂಚ ಜಂಬವಿತ್ತೆಂದು ಒಪ್ಪಿಕೊಳ್ಳುತ್ತೇನೆ.

ನನ್ನ ಮೊದಲ ಒಡೆಯರು ತುಮಕೂರಿನ ಒಬ್ಬ ಹಲ್ಲಿನ ಡಾಕ್ಟರು. ಸಿಗ್ನಲ್ ಬಿದ್ದಾಗಲೆಲ್ಲ ನನ್ನನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಹಲ್ಲು ನೋಡಿಕೊಳ್ಳುತ್ತಿದ್ದರು. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಸುಸ್ತಾದ ಮೇಲೆಯೇ ನನಗೆ ಬಿಡುಗಡೆ. ಎಂಟು ವರ್ಷ ಅವರ ಹಲ್ಲು ಕಂಡೆ. ಆಮೇಲೆ ಅವರು ಹೊಸ ಕಾರು ಕೊಂಡರು, ನಮ್ಮನ್ನು ಅರಸೀಕೆರೆಯ ನಂಜುಂಡಯ್ಯನವರಿಗೆ ಮಾರಿದರು. ನನ್ನ ಭಾಗ್ಯ ತೆರೆದದ್ದು ಅಲ್ಲಿ.

ನಂಜುಂಡಯ್ಯನವರು ಮೂವತ್ತು ವರ್ಷ ರೈಲಿನ ಎಂಜಿನ್ ಓಡಿಸಿ ನಿವೃತ್ತರಾದವರು. ಆ ಸದ್ದಿಗೆ ಅವರ ಬಲಗಿವಿ ಪೂರಾ ಮುಚ್ಚಿಹೋಗಿತ್ತು. ಎಡಗಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಅಷ್ಟಿಷ್ಟು ಕೇಳುತ್ತಿತ್ತು. ಕಾರು ಚಾಲೂ ಆದರೆ ಅದೂ ಇಲ್ಲ. ಅವರ ಹೆಂಡತಿ ಸರ್ವಮಂಗಳಮ್ಮ ಕಾವ್ಯ ವಾಚಿಸುವವರು. ಪ್ರತಿ ಶನಿವಾರ ಸುತ್ತಮುತ್ತಲ ಯಾವುದಾದರೂ ದೇವಸ್ಥಾನದಲ್ಲಿ ಅವರ ವಾಚನ ಇರುತ್ತಿತ್ತು. ಮದುವೆಯಾದ ವರ್ಷದಿಂದ ಗಂಡನೇ ಅವರ ಮೊದಲ ಕೇಳುಗ. ಅಲ್ಲಿ ಓದಬೇಕಾದ ಪದ್ಯಗಳನ್ನು ಮೊದಲು ಗಂಡನಿಗೆ ಒಪ್ಪಿಸದೆ ಅವರು ಎಂದೂ ಗುಡಿಯ ಮೆಟ್ಟಿಲು ಹತ್ತಿದವರಲ್ಲ.

ಕಿವಿ ಹೋದ ಮೇಲೆ ಆ ಕೇಳುವಿಕೆ ನನ್ನ ಪಾಲಿಗೆ ಬಂತು. ಸರ್ವಮಂಗಳಮ್ಮ ಹಿಂದಿನ ಸೀಟಿನ ಎಡತುದಿಯಲ್ಲಿ ಕೂರುತ್ತಿದ್ದರು. ನನ್ನ ಮೇಲರ್ಧದಲ್ಲಿ ಹಿಂದಿನ ರಸ್ತೆ, ಕೆಳಮೂಲೆಯಲ್ಲಿ ಅವರ ಮುಖ. ನೇರ ರಸ್ತೆಯಲ್ಲಿ ನಂಜುಂಡಯ್ಯನವರು ರೆಪ್ಪೆ ಹೊಡೆಯುವಷ್ಟು ಹೊತ್ತು ನನ್ನತ್ತ ನೋಡುವರು, ತುಟಿಯ ಆಟದಿಂದಲೇ ಯಾವ ಪದ್ಯ, ಯಾವ ಸಾಲು ಎಂದು ತಿಳಿಯುವರು, ಸಾಲು ಮುಗಿದಲ್ಲಿ ತಲೆದೂಗುವರು. ಮುಂದಿನ ಸೀಟಿನಲ್ಲಿ ಕೂತರೆ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಒಮ್ಮೆ ಕೂತರು. ತುಟಿ ನೋಡಲು ಯಜಮಾನರು ಪೂರಾ ಪಕ್ಕಕ್ಕೆ ತಿರುಗಿದರು, ಕಾರು ಚರಂಡಿಯ ಅಂಚು ಮುಟ್ಟಿ ಬಂತು. ಅಂದಿನಿಂದ ಅಮ್ಮನವರು ಹಿಂದೆಯೇ.

ಹೀಗೆ ಆರು ವರ್ಷ ನಡೆಯಿತು. ಏಳನೆಯ ವರ್ಷದ ಬೇಸಿಗೆಯಲ್ಲಿ ನನ್ನ ಬಿಲ್ಲೆಯ ಗೋಂದು ಒಣಗಿ, ಗಾಜಿನಿಂದ ಅರ್ಧ ಎದ್ದಿತು. ಹಳ್ಳ ಬಂದರೂ ನಡುಗುವೆ, ಹಂಪ್ ಬಂದರೂ ನಡುಗುವೆ. ಅಮ್ಮನವರ ಮುಖ ನನ್ನಲ್ಲಿ ಕೆರೆಯ ನೀರಿನಂತೆ ಕದಡಿತು. ಒಂದು ಶನಿವಾರ ಅವರು ಸಾಲಿನ ನಡುವೆ ಉಸಿರಿಗೆಂದು ನಿಂತಾಗ ಯಜಮಾನರು ಸಾಲು ಮುಗಿಯಿತೆಂದು ತಲೆದೂಗಿಬಿಟ್ಟರು. ಜೊತೆಯಲ್ಲಿದ್ದ ಮಗಳು ಗಿರಿಜೆ ನಕ್ಕು ತಾಯಿಗೆ ಹೇಳಿದಳು:

“ಅಪ್ಪಂಗೆ ಎಲ್ಲಿ ಕೇಳ್ಸುತ್ತೆ ಬಿಡಮ್ಮ. ನಿಂಗೆ ಬೇಜಾರಾಗ್ಬಾರ್ದು ಅಂತ ಸುಮ್ನೆ ತಲೆ ಆಡುಸ್ತಾರೆ.”

ಯಜಮಾನರಿಗೆ ಅದು ಕೇಳಲಿಲ್ಲ. ನಾನು ಅಮ್ಮನವರ ಮುಖ ಕಂಡೆ. ಇಷ್ಟು ವರ್ಷ ಖಾಲಿ ಮನೆಗೆ ಓದಿದೆನೇ ಎಂಬ ಹಾಗೆ ಅದು ಸಣ್ಣಗಾಯಿತು. ಮುಂದಿನ ಶನಿವಾರದಿಂದ ಅವರು ಕಾರಿನಲ್ಲಿ ಪದ್ಯ ಹೇಳುವುದನ್ನು ಬಿಟ್ಟು ಕಿಟಕಿಯಾಚೆ ನೋಡತೊಡಗಿದರು. ಯಜಮಾನರು ನನ್ನನ್ನು ಒತ್ತಿ ಒತ್ತಿ ನಿಲ್ಲಿಸಲು ನೋಡಿದರು. ಇಬ್ಬರ ಮನಸ್ಸಿನ ಸತ್ಯವನ್ನೂ ಬಲ್ಲವನು ನಾನೊಬ್ಬನೇ, ನನಗೋ ಬಾಯಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಮೆಕಾನಿಕ್ ಬಾಬಾಜಾನ್ ಮನೆಗೇ ಬಂದರು. ಕೀಳುವ ಮುನ್ನ ಬಿಲ್ಲೆಯಿದ್ದ ಜಾಗಕ್ಕೆ ಹೊರಗಿನಿಂದ ಗುರುತು ಹಾಕಬೇಕೆಂದರು. ಹಬ್ಬದ ದಿನ ಕುಂಕುಮಕ್ಕಿಂತ ಒಳ್ಳೆಯ ಗುರುತು ಯಾವುದೆಂದು ಯಜಮಾನರು ಗಾಜಿನ ಮೇಲೆ ಒಂದು ಬೊಟ್ಟಿಟ್ಟರು. ಬಾಬಾಜಾನ್ ಸ್ಕ್ರೂ ಸಡಿಲಿಸಿ ನನ್ನನ್ನು ಮೇಲಕ್ಕೆ ಜಾರಿಸಿ ತೆಗೆದರು, ಬಿಲ್ಲೆ ಕಿತ್ತರು, ಹಳೆಯ ಗೋಂದನ್ನು ಬ್ಲೇಡಿನಿಂದ ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿದರು. ಗಾಜು ಬಿಸಿಲಿಗೆ ಬೆಚ್ಚಗಾಗಲೆಂದು ಬಿಟ್ಟು ಇಬ್ಬರೂ ಕಾಫಿಗೆ ಒಳಗೆ ಹೋದರು.

ಅಷ್ಟರಲ್ಲಿ ಸರ್ವಮಂಗಳಮ್ಮ ಪೂಜೆಯ ತಟ್ಟೆ ಹಿಡಿದು ಬಂದರು. ಬೊಟ್ಟು ಕಂಡರು. ಯಜಮಾನರು ಪೂಜೆ ಶುರು ಮಾಡಿ ಅರ್ಧಕ್ಕೇ ಬಿಟ್ಟಿದ್ದಾರೆಂದುಕೊಂಡು, ಗಾಜಿನ ತುಂಬ ವಿಭೂತಿ ಬಳಿದು, ಸಾಲಾಗಿ ಹನ್ನೊಂದು ಬೊಟ್ಟಿಟ್ಟು, ಭಕ್ತಿಯಿಂದ ಕೈಮುಗಿದರು.

ಹೊರಬಂದ ಬಾಬಾಜಾನ್ ಗಾಜು ನೋಡಿ ತಲೆಯ ಮೇಲೆ ಕೈಯಿಟ್ಟರು. ಯಜಮಾನರ ಎಡಗಿವಿಗೆ ಬಾಗಿ ಅವರು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. “ಇದ್ರಲ್ಲಿ ನಮ್ ಬೊಟ್ಟು ಯಾವ್ದು ಯಜಮಾನ್ರೇ? ಗೋಂದು ಒಂದೇ ಸಲಕ್ಕೆ ಐತೆ. ಅಂಟಿದ್ಮೇಲೆ ಅಲ್ಲಾಡ್ಸಂಗಿಲ್ಲ. ಅಂಗಡಿ ಎಲ್ಲಾ ಬಾಗ್ಲು ಹಾಕವೆ.”

ನಟ್ಟನಡುವೆ ಅಂಟಿಸಿದರೆ ರಸ್ತೆ ಕಾಣುತ್ತದಲ್ಲ, ಸಾಕು ಎಂದರು ಬಾಬಾಜಾನ್. ರಸ್ತೆಯೊಂದೇ ಕಂಡರೆ ಸಾಲದು ಎಂದರು ಯಜಮಾನರು. ನನ್ನ ಕತ್ತು ತುಕ್ಕು ಹಿಡಿದು ಎಂದೋ ಬಿಗಿದುಹೋಗಿದ್ದರಿಂದ ಆಮೇಲೆ ತಿರುಗಿಸಿಕೊಳ್ಳುವಂತೆಯೂ ಇರಲಿಲ್ಲ. ಹೆಂಡತಿಯನ್ನು ಕೈಹಿಡಿದು ಕರೆತಂದು ಹಿಂದಿನ ಸೀಟಿನಲ್ಲಿ ಕೂರಿಸಿದರು. ತಾವು ಸ್ಟೇರಿಂಗ್ ಹಿಡಿದು ಕೂತರು. ಬಾಬಾಜಾನ್ ಪಕ್ಕದ ಸೀಟಿನಲ್ಲಿ ಮುದುಡಿಕೊಂಡು, ಬಿಲ್ಲೆಯ ಸಮೇತ ನನ್ನನ್ನು ಗಾಜಿಗೆ ಒತ್ತಿ ಹಿಡಿದರು.

“ಪದ್ಯ ಹೇಳು ಮಂಗಳ,” ಎಂದರು ಯಜಮಾನರು.

ಅವರು ಮನಸ್ಸಿಲ್ಲದ ಮನಸ್ಸಿನಿಂದ ಶುರು ಮಾಡಿದರು. ಬರೀ ಹಣೆ ಕಾಣುತ್ತದೆ ಎಂದರು ಯಜಮಾನರು. ಬಾಬಾಜಾನ್ ನನ್ನನ್ನು ಎರಡು ಬೆರಳು ಸರಿಸಿದರು. ಈಗ ಬರೀ ಗಲ್ಲ. ಮತ್ತೆ ಒಂದು ಬೆರಳು. ಮುಖ ಬಂತು, ರಸ್ತೆ ಹೋಯಿತು. ಇನ್ನೊಂದು ಕೂದಲೆಳೆ. ಆಗ ಎರಡೂ ನನ್ನೊಳಗೆ ನಿಂತವು.

ಆ ಹೊತ್ತಿಗೆ ಅಮ್ಮನವರು ಧ್ವನಿ ನಿಲ್ಲಿಸಿದರು. ಬರೀ ತುಟಿ ಆಡತೊಡಗಿತು. ದಣಿವಾಯಿತೇ ಎಂದು ಬಾಬಾಜಾನ್ ಕೇಳಿದರು. ಅಮ್ಮನವರ ಕಣ್ಣು ನನ್ನಲ್ಲಿದ್ದ ಗಂಡನ ಕಣ್ಣನ್ನು ಹಿಡಿದಿತ್ತು. ಹೊಸ ಪದ್ಯದ ಮೊದಲ ಸಾಲು ಆಯಿತು. ಯಜಮಾನರ ಬೆರಳು ಸ್ಟೇರಿಂಗ್ ಮೇಲೆ ತಾಳ ಹಾಕುತ್ತಿತ್ತು. ಎರಡನೆಯದಾಯಿತು. ಆಮೇಲೆ ಅಮ್ಮನವರು ಮೂರನ್ನು ಬಿಟ್ಟು ನಾಲ್ಕನೆಯ ಸಾಲಿಗೆ ಹಾರಿದರು.

ಬೆರಳು ನಿಂತಿತು.

“ಮೂರ್ನೇ ಸಾಲು ಎಲ್ಲೋಯ್ತೇ?”

“ಬೇಕಂತ್ಲೇ ಬಿಟ್ಟೆ ಕಣ್ರೀ,” ಎಂದರು ಅಮ್ಮನವರು, ಅದನ್ನೂ ಧ್ವನಿಯಿಲ್ಲದೆ.

“ಗೊತ್ತು. ನೀನು ಮರೆಯೋಳಲ್ಲ.” ಯಜಮಾನರು ಪಕ್ಕಕ್ಕೆ ತಿರುಗಿದರು. “ಬಾಬಾಜಾನ್, ಅದೇ ಜಾಗ. ಕೈ ಅಲ್ಲಾಡ್ಸಬೇಡಿ.”

ಸರ್ವಮಂಗಳಮ್ಮ ಕೆಳಗಿಳಿದು ಗಾಜಿನ ಮೇಲಿನ ಬೊಟ್ಟುಗಳನ್ನೆಲ್ಲ ಸೆರಗಿನಲ್ಲಿ ಒರೆಸಿ, ಬಾಬಾಜಾನರ ಬೆರಳಿದ್ದ ಕಡೆ ಒಂದೇ ಒಂದು ಬೊಟ್ಟಿಟ್ಟರು. ಅದೇ ಸೆರಗಿನಲ್ಲಿ ಕಣ್ಣೂ ಒರೆಸಿಕೊಂಡಿದ್ದರಿಂದ ಮುಖವೆಲ್ಲ ಕೆಂಪಾಯಿತು. ಬಾಬಾಜಾನ್ ಬಿಲ್ಲೆಗೆ ಗೋಂದು ಹಚ್ಚಿ ಆ ಬೊಟ್ಟಿನ ನೇರಕ್ಕೆ ಒತ್ತಿ, ನೂರು ಎಣಿಸುವತನಕ ಹಿಡಿದರು. ಅರ್ಧ ಗಂಟೆಯ ನಂತರ ನನ್ನನ್ನು ಜಾರಿಸಿ ಸ್ಕ್ರೂ ಬಿಗಿದರು. ಆ ಸಂಜೆ ಹಬ್ಬದ ವಾಚನಕ್ಕೆ ಹೋಗುವ ದಾರಿಯಲ್ಲಿ ಅಮ್ಮನವರು ಒಂದು ಸಾಲನ್ನೂ ಬಿಡಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಅಂಚಿನ ಬೆಳ್ಳಿ ಕಪ್ಪಿಟ್ಟಿದೆ. ದೂರದ್ದು ಸರಿಯಾಗಿ ಕಾಣದ ಯಜಮಾನರು ಇನ್ನು ಕಾರು ಓಡಿಸಬಾರದೆಂದು ಕಣ್ಣಿನ ಡಾಕ್ಟರು ಹೇಳಿದ ಮೇಲೆ ಕಾರು ಶೆಡ್ಡಿನಲ್ಲೇ ನಿಂತಿದೆ. ಗುಡಿಗೆ ಗಿರಿಜೆ ತನ್ನ ಸ್ಕೂಟರಿನಲ್ಲಿ ತಾಯಿಯನ್ನು ಕರೆದೊಯ್ಯುತ್ತಾಳೆ. ಆದರೆ ಹೊರಡುವ ಮೊದಲು ಅಮ್ಮನವರು ಹಿಂದಿನ ಬಾಗಿಲು ತೆಗೆದು ಕೂರುತ್ತಾರೆ, ಯಜಮಾನರು ಸ್ಟೇರಿಂಗ್ ಮುಂದೆ. ಮನೆಯಲ್ಲಿ ಕುರ್ಚಿಗಳಿಲ್ಲವೆಂದಲ್ಲ. ಎದುರು ಕೂತರೆ ಇಬ್ಬರಿಗೂ ನಗು ಬರುತ್ತದಂತೆ.

ಹೋದ ತಿಂಗಳು ಬಾಬಾಜಾನ್ ಬಂದಿದ್ದರು. ಇಂಥದೇ ಹಳೆಯ ಕಾರೊಂದಕ್ಕೆ ಕನ್ನಡಿ ಬೇಕಿತ್ತಂತೆ. ನಿಂತ ಕಾರಿಗೆ ಇದೇಕೆ, ಕೊಡಿ ಎಂದು ಕೇಳಿದರು.

“ಬೇರೆ ಏನ್ ಬೇಕಾದ್ರೂ ಬಿಚ್ಕೊಂಡ್ ಹೋಗಿ,” ಎಂದರು ಸರ್ವಮಂಗಳಮ್ಮ. “ಅದು ನಮ್ ಯಜಮಾನ್ರ ಕಿವಿ.”

ಕಿವಿ ಎಂದು ಕರೆಸಿಕೊಂಡ ಕನ್ನಡಿ ನಮ್ಮ ವಂಶದಲ್ಲಿ ಇನ್ನೊಂದು ಇದೆಯೋ, ನಾನರಿಯೆ.